ಸುಂಕವಿಲ್ಲದ ಸರಕು: ಧರೂರಿನಿಂದ ಒಸಾಕದವರೆಗೆ

"ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ" ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಸುಂಕದ ಕಟ್ಟೆಯಲ್ಲಿ ಕುಳಿತವನಿಗೆ ನಮ್ಮ ಮನೆಯ ಕಷ್ಟ ಬೇಕಿಲ್ಲ. ಹೊರೆಯಲ್ಲಿ ಏನಿದೆ, ಅದರ ಬೆಲೆ ಎಷ್ಟು, ಕಾಗದ ಎಲ್ಲಿ ಎಂಬ ಮೂರೇ ಪ್ರಶ್ನೆ ಅವನದು. ಸುಂಕ ನಮ್ಮ ನಾಡಿಗೆ ಹೊಸತಲ್ಲ. ಚಾಲುಕ್ಯರ ಕಾಲದ ಕನ್ನಡ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ ಎಂಬ ತೆರಿಗೆಗಳೂ, ಸುಂಕವೆರ್ಗಡೆ ಎಂಬ ಅಧಿಕಾರಿಯೂ ಬರುತ್ತಾರೆ. ಸುಂಕದಷ್ಟೇ ಹಳೆಯದು ಸುಂಕದ ಮಾಫಿ. ದೇವಸ್ಥಾನಕ್ಕೆ ದತ್ತಿ ಬಿಡುವಾಗ ಇಂತಿಷ್ಟು ಹೇರಿಗೆ ಸುಂಕವಿಲ್ಲ ಎಂದು ಕಲ್ಲಿನಲ್ಲಿ ಕೆತ್ತಿಸುವ ಕ್ರಮವೂ ಇತ್ತು.

ಆ ಮಾಫಿಯ ಇಂದಿನ ರೂಪವೇ ಪ್ರವಾಸಿಗರಿಗಾಗಿ ಇರುವ ಸುಂಕರಹಿತ ಅಂಗಡಿ. ನಮ್ಮ ಜಿಲ್ಲೆಯ ಮನೆಗಳಿಗೆ ಇದು ಅಪರಿಚಿತವಲ್ಲ. ಗಲ್ಫಿನಿಂದ ಬಂದವರ ಪೆಟ್ಟಿಗೆಯನ್ನು ಮನೆಮಂದಿಯೆಲ್ಲ ಸುತ್ತ ಕುಳಿತು ಬಿಚ್ಚಿದ ದಿನಗಳು ಹಲವು ಮನೆಗಳಲ್ಲಿ ಉಂಟು. ಈಗ ನಮ್ಮ ಶಾಲೆಗಳಲ್ಲಿ ಕಲಿತವರು ಜಪಾನಿನ ಕಡೆಗೂ ಕೆಲಸಕ್ಕೆ ಹೋಗತೊಡಗಿದ್ದಾರೆ. ಮಗನನ್ನೋ ಮಗಳನ್ನೋ ಕಾಣಲು ಹೊರಟ ತಾಯ್ತಂದೆಯರು ನಮ್ಮಲ್ಲಿ ಕೇಳುವ ಪ್ರಶ್ನೆ ಒಂದೇ: "ಮಾಸ್ಟ್ರೇ, ಅಲ್ಲಿ ನಮಗೆ ತೆರಿಗೆ ಇಲ್ಲವಂತೆ, ಹೌದಾ?" ಹೌದು ಎಂದರೂ ತಪ್ಪು, ಇಲ್ಲ ಎಂದರೂ ತಪ್ಪು. ಆ ಉತ್ತರವನ್ನು ಬಿಡಿಸಿ ಹೇಳಲು ನಾವು ಮೊದಲು ಜಪಾನಿಗೆ ಹೋಗುವುದಿಲ್ಲ. ಗಡಿ, ಸುಂಕ, ಮಾಫಿ ಈ ಮೂರನ್ನೂ ಒಂದೇ ನೆಲದಲ್ಲಿ ತೋರಿಸಬಲ್ಲ ಊರೊಂದು ನಮ್ಮ ದೇಶದಲ್ಲೇ ಇದೆ. ಅದು ನಮ್ಮ ಹಾಗೆಯೇ ಗಡಿಯಾಚೆ ಉಳಿದ ಕನ್ನಡದ ನೆರಳಿರುವ ಊರು. ಅದರ ಹೆಸರು ಧರೂರು.

ಎರಡು ಹೊಳೆಗಳ ನಡುವೆ

ಧರೂರು ಇಂದು ತೆಲಂಗಾಣದ ಜೋಗುಳಾಂಬ ಗದ್ವಾಲ ಜಿಲ್ಲೆಯ ಒಂದು ಮಂಡಲ ಕೇಂದ್ರ. ಗದ್ವಾಲದಿಂದ ಹೆಚ್ಚು ದೂರವಿಲ್ಲ. ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ ಜೂರಾಲ ಅಣೆಕಟ್ಟು ಅದರ ಹತ್ತಿರವೇ ಇದೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ಇವೆರಡರ ನಡುವಿನ ಈ ನೆಲವನ್ನು ಅಲ್ಲಿಯ ಜನ ನಡಿಗಡ್ಡ ಎನ್ನುತ್ತಾರೆ. ಪಶ್ಚಿಮಕ್ಕೆ ಹೋದರೆ ರಾಯಚೂರು. ಕೃಷ್ಣೆಯನ್ನು ದಾಟಿದರೆ ಮಕ್ತಲ್, ನಾರಾಯಣಪೇಟೆ. ಮಕ್ತಲ್ ಕಡೆಯ ಗಡಿಹಳ್ಳಿಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಇವೆ ಎಂದರೆ ನಮ್ಮ ವಾಚಕರಿಗೆ ಹೆಚ್ಚು ವಿವರಣೆ ಬೇಡ.

ರಾಯಚೂರಿನಲ್ಲಿ ನೆಲಸಿದ ಬಂಧುಗಳ ಮನೆಗೆ ಹೋಗಿದ್ದಾಗ ನಾವು ಗದ್ವಾಲವನ್ನೂ ಧರೂರನ್ನೂ ನೋಡಿ ಬಂದೆವು. ಫಲಕಗಳೆಲ್ಲ ತೆಲುಗು. ಆದರೆ ಸಂತೆಯ ಮಾತಿನಲ್ಲಿ ತೆಲುಗು, ಕನ್ನಡ, ಉರ್ದು ಮೂರೂ ಬೆರೆತು ಬರುತ್ತವೆ. ನಮ್ಮ ಕರಾವಳಿಯ ಕನ್ನಡಕ್ಕೆ ಅಲ್ಲಿಯವರು ಮುಗುಳ್ನಕ್ಕರು. ಅವರ ಕನ್ನಡದ "ಹೌದ್ರಿ"ಗೆ ನಾವೂ ಕಿವಿಗೊಟ್ಟೆವು.

ಕರೋಡಗಿರಿಯ ಕಾಲ

1948ರ ಸೆಪ್ಟೆಂಬರಿನವರೆಗೆ ಈ ನಾಡು ಹೈದರಾಬಾದಿನ ನಿಜಾಮರ ರಾಜ್ಯಕ್ಕೆ ಸೇರಿತ್ತು. ಅದರೊಳಗೆ ಗದ್ವಾಲ ಒಂದು ಸಂಸ್ಥಾನ. ನಿಜಾಮರ ರಾಜ್ಯಕ್ಕೆ ತನ್ನದೇ ನಾಣ್ಯವಿತ್ತು. ಅದನ್ನು ಹಾಲಿ ಸಿಕ್ಕಾ ಎನ್ನುತ್ತಿದ್ದರು. ಸುಮಾರಾಗಿ ಏಳು ಹಾಲಿ ರೂಪಾಯಿ ಕೊಟ್ಟರೆ ಆರು ಬ್ರಿಟಿಷ್ ರೂಪಾಯಿ ಸಿಗುತ್ತಿತ್ತು. ತನ್ನದೇ ಸುಂಕದ ಇಲಾಖೆಯೂ ಇತ್ತು. ಅದರ ಹೆಸರು ಕರೋಡಗಿರಿ. 1802ರಲ್ಲಿ ನಿಜಾಮರಿಗೂ ಇಂಗ್ಲಿಷರ ಕಂಪೆನಿಗೂ ಆದ ವ್ಯಾಪಾರದ ಒಪ್ಪಂದದಲ್ಲಿ ಸುಂಕದ ದರ ಬೆಲೆಯ ಮೇಲೆ ನೂರಕ್ಕೆ ಐದು ಎಂದು ನಿಂತಿತು.

ಇದರ ಪರಿಣಾಮ ಏನೆಂದು ನಕ್ಷೆ ನೋಡಿದರೆ ತಿಳಿಯುತ್ತದೆ. ಧರೂರಿನಿಂದ ರಾಯಚೂರಿಗೆ ಹೋದರೆ ಸುಂಕವಿಲ್ಲ, ಏಕೆಂದರೆ ಎರಡೂ ನಿಜಾಮರವೇ. ಕೃಷ್ಣೆ ದಾಟಿ ಮಕ್ತಲಿಗೆ ಹೋದರೂ ಇಲ್ಲ. ಆದರೆ ತುಂಗಭದ್ರೆಯನ್ನು ದಾಟಿ ಕರ್ನೂಲಿಗೆ ಹೋದರೆ ಅದು ಮದರಾಸು ಪ್ರಾಂತ, ಅಂದರೆ ಬೇರೆ ಸರಕಾರ. ಅಲ್ಲಿಂದ ತರುವ ಸರಕಿಗೆ ಕರೋಡಗಿರಿಯ ನಾಕಾದಲ್ಲಿ ಲೆಕ್ಕ ಕೊಡಬೇಕು. ಹೊಳೆಯ ನೀರು ಒಂದೇ, ಎರಡೂ ದಡದ ಜೋಳದ ರೊಟ್ಟಿಯ ರುಚಿಯೂ ಒಂದೇ. ಬೇರೆಯಾದದ್ದು ಕಾಗದ ಮಾತ್ರ.

ಸ್ವಾತಂತ್ರ್ಯ ಬಂದ ಕೂಡಲೇ ಈ ಒಳಗಿನ ಸುಂಕ ಒಮ್ಮೆಗೇ ಹೋಗಲಿಲ್ಲ. 1950ರ ಸಂವಿಧಾನದ 301ನೇ ವಿಧಿ ದೇಶದೊಳಗೆ ವ್ಯಾಪಾರಕ್ಕೆ ಅಡೆತಡೆ ಇರಬಾರದು ಎಂದು ಹೇಳಿತು. ಅದರ ಬೆನ್ನಿಗೇ 306ನೇ ವಿಧಿ ಇತ್ತು. ಹೈದರಾಬಾದಿನಂತಹ ರಾಜ್ಯಗಳು ಕೇಂದ್ರದೊಡನೆ ಒಪ್ಪಂದ ಮಾಡಿಕೊಂಡು ಇಂತಹ ಸುಂಕವನ್ನು ಹೆಚ್ಚೆಂದರೆ ಹತ್ತು ವರ್ಷ ಮುಂದುವರಿಸಬಹುದು ಎಂದು ಅದು ಅವಕಾಶ ಕೊಟ್ಟಿತ್ತು. ಬೊಕ್ಕಸಕ್ಕೆ ಬರುತ್ತಿದ್ದ ಹಣ ಒಮ್ಮೆಲೇ ನಿಂತರೆ ಆಡಳಿತ ನಡೆಯುವುದು ಹೇಗೆ ಎಂಬ ಚಿಂತೆ ಅದರ ಹಿಂದಿತ್ತು.

ಒಂದೇ ದಿನದ ಎರಡು ಮಾತು

1956ರ ನವೆಂಬರ್ 1. ಈ ತಾರೀಖನ್ನು ಕಾಸರಗೋಡಿನವರಿಗೆ ನೆನಪಿಸಬೇಕಾಗಿಲ್ಲ. ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದ ದಿನ ಅದು. ಅದೇ ದಿನ, ಅದೇ ರಾಜ್ಯ ಪುನರ್ವಿಂಗಡಣಾ ಕಾಯ್ದೆಯ ಮೂಲಕ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಬರುವಾಗ ಗದ್ವಾಲ ಮತ್ತು ಆಲಂಪುರ ಎಂಬ ಎರಡು ತಾಲೂಕುಗಳನ್ನು ಬಿಟ್ಟು ಬಂತು. ಆ ಎರಡೂ ಆಂಧ್ರ ಪ್ರದೇಶದ ಪಾಲಾದವು. ಗದ್ವಾಲದ ಧರೂರು ಹೀಗೆ ತನ್ನ ಹಳೆಯ ಜಿಲ್ಲಾ ಕೇಂದ್ರದಿಂದ ಬೇರೆಯಾಯಿತು. ನಮ್ಮ ತಾಲೂಕು ಮಂಗಳೂರಿನಿಂದ ಬೇರೆಯಾದದ್ದೂ ಇದೇ ಬಗೆಯಲ್ಲಿ.

ಅದೇ ದಿನ ಸಂವಿಧಾನದ 7ನೆಯ ತಿದ್ದುಪಡಿಯೂ ಜಾರಿಗೆ ಬಂತು. ಆ ತಿದ್ದುಪಡಿ ಒಳಸುಂಕಕ್ಕೆ ಎಡೆಕೊಟ್ಟಿದ್ದ 306ನೇ ವಿಧಿಯನ್ನು ತೆಗೆದುಹಾಕಿತು. ಮತ್ತು 350ಎ, 350ಬಿ ಎಂಬ ಎರಡು ವಿಧಿಗಳನ್ನು ಹೊಸದಾಗಿ ಸೇರಿಸಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕು ಎಂಬುದು ಮೊದಲನೆಯದು. ಅವರ ರಕ್ಷಣೆಯ ವಿಷಯವನ್ನು ನೋಡಿಕೊಳ್ಳಲು ವಿಶೇಷ ಅಧಿಕಾರಿ ಇರಬೇಕು ಎಂಬುದು ಎರಡನೆಯದು.

ವಾಚಕರು ಇದನ್ನು ಗಮನಿಸಬೇಕು. ಸರಕಿಗೆ ಗಡಿ ತೆರೆದ ತಿದ್ದುಪಡಿಯೇ ಮಾತಿಗೂ ಒಂದು ದಾರಿ ಬಿಡಬೇಕೆಂದು ಬರೆಯಿತು. ಹೊಸ ಗೆರೆಗಳನ್ನು ಎಳೆದವರಿಗೆ ಗೆರೆಯ ಆಚೆ ಉಳಿಯುವ ಜನರ ಅರಿವು ಇತ್ತು ಎಂದಾಯಿತು. ಆದರೆ ವಿಧಿ ಬರೆದರೆ ಸಾಲದು. ಕೇಳಿ ಪಡೆಯುವವನೂ ಇರಬೇಕು, ಕೊಡುವ ಕಿಟಕಿಯೂ ತೆರೆದಿರಬೇಕು. ಈ ಮಾತು ಶಾಲೆಗೂ ಸಲ್ಲುತ್ತದೆ, ಅಂಗಡಿಗೂ ಸಲ್ಲುತ್ತದೆ. ಹೇಗೆಂದು ನೋಡೋಣ.

ಗದ್ವಾಲದ ಸೀರೆಯ ಬಿಲ್ಲು

ಗದ್ವಾಲಕ್ಕೆ ಹೋದವರು ಸೀರೆ ಕೊಳ್ಳದೆ ಬರುವುದು ಕಡಿಮೆ. ಹತ್ತಿಯ ಒಡಲು, ರೇಷ್ಮೆಯ ಅಂಚು ಮತ್ತು ಸೆರಗು, ಅದರ ಮೇಲೆ ಜರಿ. ಒಡಲನ್ನೂ ಅಂಚನ್ನೂ ಮಗ್ಗದಲ್ಲೇ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುವುದು ಅದರ ವಿಶೇಷ. ನಮ್ಮ ಕಾಸರಗೋಡಿನ ಹತ್ತಿ ಸೀರೆಯ ಹಾಗೆ ಗದ್ವಾಲದ ಸೀರೆಗೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಗಡಿಯ ಎರಡು ಊರುಗಳು ಸೀರೆಯಲ್ಲೂ ನೆಂಟರಾದವು ಎನ್ನಬಹುದು.

ನಾವು ಒಂದು ಅಂಗಡಿಯಲ್ಲಿ ಸೀರೆ ಆರಿಸಿ ಹಣ ಎಣಿಸುವಾಗ ಅಂಗಡಿಯವರು ಕೇಳಿದರು: "ಬಿಲ್ ಬೇಕೇನ್ರಿ ಮಾಸ್ತರ? ಬಿಲ್ ಹಾಕಿದ್ರ ಐದು ಪರ್ಸೆಂಟ್ ಹೆಚ್ಚಿಗಿ ಆಗ್ತದ." ನಾವು ಬಿಲ್ಲು ಕೇಳಿ ಪಡೆದೆವು. 6,000 ರೂಪಾಯಿಯ ಸೀರೆಗೆ 300 ರೂಪಾಯಿ ಸರಕು ಮತ್ತು ಸೇವಾ ತೆರಿಗೆ. ನಿಜಾಮರ ಕಾಲದಲ್ಲೂ ನೂರಕ್ಕೆ ಐದು, ಈಗಲೂ ನೂರಕ್ಕೆ ಐದು. ಅಂಕಿ ಒಂದೇ ಆದರೂ ಸಂಗತಿ ಬೇರೆ. ಅಂದು ಗಡಿ ದಾಟಿದ್ದಕ್ಕಾಗಿ ಕೊಡುತ್ತಿದ್ದರು. ಇಂದು ನಾವು ಆ ಸೀರೆಯನ್ನು ಎಷ್ಟು ರಾಜ್ಯ ದಾಟಿಸಿ ಮಂಜೇಶ್ವರಕ್ಕೆ ತಂದರೂ ದಾರಿಯಲ್ಲಿ ಕೇಳುವವರಿಲ್ಲ. 2017ರಲ್ಲಿ ಈ ತೆರಿಗೆ ಬಂದ ಮೇಲೆ ರಾಜ್ಯಗಳ ಗಡಿಯಲ್ಲಿದ್ದ ಮಾರಾಟ ತೆರಿಗೆಯ ತನಿಖಾ ಠಾಣೆಗಳು ಮುಚ್ಚಿದವು. ಮಂಜೇಶ್ವರದ ಗೇಟಿನ ಎದುರು ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದುದನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ಈಗ ಅದೇ ಅಂಗಡಿಗೆ ಒಬ್ಬ ಜಪಾನಿ ಹೆಂಗಸು ಬಂದು ಅದೇ ಸೀರೆಯನ್ನು ಕೊಂಡರು ಎಂದುಕೊಳ್ಳಿ. ಅವರು ಅದನ್ನು ನಮ್ಮ ದೇಶದಲ್ಲಿ ಉಡುವುದಿಲ್ಲ, ತಮ್ಮ ದೇಶಕ್ಕೆ ಒಯ್ಯುತ್ತಾರೆ. ಹಡಗಿನಲ್ಲಿ ಸಾವಿರ ಸೀರೆ ರಫ್ತಾದರೆ ತೆರಿಗೆಯಿಲ್ಲ. ಪೆಟ್ಟಿಗೆಯಲ್ಲಿ ಒಂದು ಸೀರೆ ಹೊರಟರೆ ಅದೂ ಪುಟ್ಟದೊಂದು ರಫ್ತೇ ಅಲ್ಲವೇ? ವಸ್ತುವನ್ನು ಬಳಸುವ ದೇಶಕ್ಕೆ ತೆರಿಗೆ ಸಲ್ಲಬೇಕು ಎಂಬುದೇ ಲೋಕದ ಎಲ್ಲ ಸುಂಕರಹಿತ ಅಂಗಡಿಗಳ ತಳಹದಿ. ಐರ್ಲೆಂಡಿನ ಶಾನನ್ ವಿಮಾನ ನಿಲ್ದಾಣದಲ್ಲಿ 1947ರಲ್ಲಿ ಇಂತಹ ಮೊದಲ ಅಂಗಡಿ ತೆರೆಯಿತು. ಇದು ಪ್ರವಾಸಿಗೆ ಕೊಡುವ ದಾನವಲ್ಲ, ಶುದ್ಧ ಲೆಕ್ಕ.

ನಮ್ಮ ಕಾನೂನಿಗೂ ಈ ಲೆಕ್ಕ ಗೊತ್ತು. 2017ರ ಸಮಗ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 15ನೇ ಕಲಮಿನಲ್ಲಿ, ದೇಶ ಬಿಟ್ಟು ಹೋಗುವ ಪ್ರವಾಸಿಗೆ ಆ ತೆರಿಗೆಯನ್ನು ಮರಳಿಸಬಹುದೆಂದು ಬರೆದಿದೆ. ಆದರೆ ಕಾಯ್ದೆ ಬಂದು ವರ್ಷಗಳು ಉರುಳಿದರೂ ಅದನ್ನು ನಡೆಸುವ ವ್ಯವಸ್ಥೆ ಬರಲಿಲ್ಲ. ಕಲಮು ಇತ್ತು, ಕಿಟಕಿ ತೆರೆಯಲಿಲ್ಲ. ಇದರಿಂದ ನಷ್ಟ ಪ್ರವಾಸಿಗೆ ಮಾತ್ರವಲ್ಲ. ಬೆಲೆ ಸ್ವಲ್ಪ ಇಳಿದರೆ ಇನ್ನೊಂದು ಸೀರೆ ಕೊಳ್ಳುತ್ತಿದ್ದವರು ಒಂದಕ್ಕೇ ನಿಲ್ಲಿಸುತ್ತಾರೆ. ಅದರ ಪೆಟ್ಟು ಗದ್ವಾಲದಲ್ಲೂ ಕಾಸರಗೋಡಿನಲ್ಲೂ ಮಗ್ಗದ ಮುಂದೆ ಕುಳಿತವನಿಗೆ ತಗಲುತ್ತದೆ.

ಒಸಾಕದ ಪದ್ಧತಿ

ಇನ್ನು ಜಪಾನಿಗೆ ಹೋಗೋಣ. ಒಸಾಕ ಅಲ್ಲಿಯ ದೊಡ್ಡ ವ್ಯಾಪಾರದ ನಗರ. ಸಮುದ್ರದಲ್ಲಿ ಮಣ್ಣು ತುಂಬಿಸಿ ಮಾಡಿದ ದ್ವೀಪದ ಮೇಲೆ 1994ರಲ್ಲಿ ತೆರೆದ ಕನ್ಸಾಯ್ ವಿಮಾನ ನಿಲ್ದಾಣ ಅದರದು. ಉಡುಪಿಗೆ ಶಿನ್‌ಸಾಯ್‌ಬಾಶಿ, ವಿದ್ಯುತ್ ಉಪಕರಣಗಳಿಗೆ ನಿಪ್ಪೊನ್‌ಬಾಶಿ, ಅಡುಗೆ ಮನೆಯ ಸಾಮಾನಿಗೆ ದೋಗುಯಾಸುಜಿ ಎಂದು ಬೀದಿಗಳು ಪ್ರಸಿದ್ಧವಾಗಿವೆ. ಜಪಾನಿನಲ್ಲಿ ಬಳಕೆ ತೆರಿಗೆ ಎಂಬುದು 1989ರಲ್ಲಿ ನೂರಕ್ಕೆ 3ರಂತೆ ಆರಂಭವಾಗಿ, 1997ರಲ್ಲಿ 5, 2014ರಲ್ಲಿ 8, 2019ರ ಅಕ್ಟೋಬರಿನಲ್ಲಿ 10ಕ್ಕೆ ಏರಿತು.

ಮೊದಲು ಒಂದು ಭೇದವನ್ನು ತಿಳಿಯಬೇಕು. ವಿಮಾನ ನಿಲ್ದಾಣದೊಳಗೆ ಇರುವುದು ಸುಂಕರಹಿತ ಅಂಗಡಿ. ಅಲ್ಲಿ ಮದ್ಯ, ಹೊಗೆಸೊಪ್ಪು, ಸುಗಂಧಗಳ ಮೇಲಿನ ಸುಂಕವೂ ಇರುವುದಿಲ್ಲ. ಪೇಟೆಯ ಬೀದಿಯಲ್ಲಿರುವುದು ತೆರಿಗೆರಹಿತ ಅಂಗಡಿ. ಅಲ್ಲಿ ಬಿಡುವುದು ಬಳಕೆ ತೆರಿಗೆಯನ್ನು ಮಾತ್ರ. ಎಲ್ಲ ಅಂಗಡಿಗಳಿಗೂ ಆ ಅನುಮತಿ ಇಲ್ಲ. ಪಡೆದವರು ಬಾಗಿಲಲ್ಲಿ ಗುರುತು ಹಾಕಿರುತ್ತಾರೆ.

ಬಹುಕಾಲ ನಡೆದ ಕ್ರಮ ಹೀಗಿತ್ತು. ಒಂದೇ ಅಂಗಡಿಯಲ್ಲಿ ಒಂದೇ ದಿನ ತೆರಿಗೆ ಬಿಟ್ಟು ಕನಿಷ್ಠ 5,000 ಯೆನ್ನಿನ ಸಾಮಾನು ಕೊಂಡು ಪಾಸ್‌ಪೋರ್ಟ್ ತೋರಿಸಿದರೆ ಅಲ್ಲೇ ತೆರಿಗೆ ಬಿಡುತ್ತಿದ್ದರು. ತಿಂಡಿ, ಔಷಧಿ, ಸೌಂದರ್ಯ ಸಾಧನಗಳನ್ನು ಮುದ್ರೆ ಹಾಕಿದ ಚೀಲದಲ್ಲಿ ಕೊಡುತ್ತಿದ್ದರು. ದೇಶ ಬಿಡುವವರೆಗೆ ಅದನ್ನು ಒಡೆಯುವಂತಿಲ್ಲ. ಪಾಸ್‌ಪೋರ್ಟಿಗೆ ಅಂಟಿಸುತ್ತಿದ್ದ ಚೀಟಿಗಳು ಹೋಗಿ 2021ರ ಅಕ್ಟೋಬರಿನಿಂದ ಲೆಕ್ಕವೆಲ್ಲ ಯಂತ್ರದ ಮೂಲಕವೇ ಸರಕಾರಕ್ಕೆ ತಲುಪತೊಡಗಿತು.

ಆ ಲೆಕ್ಕ ಬಂದ ಮೇಲೆ ಕಳ್ಳದಾರಿಯೂ ಬಯಲಾಯಿತು. ಪ್ರವಾಸಿಯ ಹೆಸರಿನಲ್ಲಿ ತೆರಿಗೆಯಿಲ್ಲದೆ ಕೊಂಡ ಸರಕನ್ನು ದೇಶದೊಳಗೇ ಮಾರಿ ಲಾಭ ಮಾಡುವವರು ಹಲವರು ಇದ್ದರು. ಹೊರಡುವಾಗ ಕೇಳಿದರೆ ಕೈಯಲ್ಲಿ ಸರಕೇ ಇಲ್ಲ. ಆದ್ದರಿಂದ ಜಪಾನ್ ಸರಕಾರ ಕ್ರಮವನ್ನು ತಿರುಗಿಸಿತು. ಹೊಸ ಪದ್ಧತಿಗೆ ನಿಗದಿಯಾದ ದಿನ 2026ರ ನವೆಂಬರ್ 1. ಅದಕ್ಕೆ ಮೊದಲಿನ ಖರೀದಿಗೆ ಹಳೆಯ ಕ್ರಮ, ಅಂದಿನಿಂದ ಮುಂದಿನ ಖರೀದಿಗೆ ಹೊಸದು. ಹೊಸ ಕ್ರಮದಲ್ಲಿ ಅಂಗಡಿಯಲ್ಲಿ ತೆರಿಗೆ ಸಹಿತ ಪೂರ್ತಿ ಹಣ ಕೊಡಬೇಕು. ಕೊಂಡ 90 ದಿನಗಳೊಳಗೆ ದೇಶ ಬಿಡುವಾಗ ಸುಂಕದ ಅಧಿಕಾರಿಗಳು ಸರಕು ಹೊರಹೋಗುವುದನ್ನು ಖಚಿತಪಡಿಸಬೇಕು. ಆ ಮೇಲೆ ತೆರಿಗೆಯ ಹಣ ಮರಳಿ ಬರುತ್ತದೆ. 5,000 ಯೆನ್ನಿನ ಕನಿಷ್ಠ ಮಿತಿ ಉಳಿದಿದೆ. ಮುದ್ರೆಯ ಚೀಲದ ಕಟ್ಟು ಹೋಗುತ್ತದೆ.

ಲೆಕ್ಕ ಮಾಡಿ ನೋಡೋಣ. 20,000 ಯೆನ್ನಿನ ಒಂದು ಅಕ್ಕಿ ಬೇಯಿಸುವ ಪಾತ್ರೆ. ತೆರಿಗೆ 2,000, ಒಟ್ಟು 22,000. ಹಳೆಯ ಕ್ರಮದಲ್ಲಿ 20,000 ಕೊಟ್ಟರಾಯಿತು. ಹೊಸ ಕ್ರಮದಲ್ಲಿ 22,000 ಹಿಡಿದುಕೊಂಡೇ ಹೋಗಬೇಕು. 2,000 ಬರುವುದು ಆಮೇಲೆ. ಮರಳಿಸುವ ಕೆಲಸವನ್ನು ಮಧ್ಯವರ್ತಿ ಸಂಸ್ಥೆ ಮಾಡಿದರೆ ಅದರ ಶುಲ್ಕ ಎಷ್ಟೆಂದು ಅಂಗಡಿಯಲ್ಲೇ ಕೇಳಿಕೊಳ್ಳಬೇಕು. ಕೊಂಡ ಸಾಮಾನನ್ನು ಅಧಿಕಾರಿ ಕೇಳಿದರೆ ತೋರಿಸುವಂತಿರಬೇಕು. ಆದ್ದರಿಂದ ದೊಡ್ಡ ಪೆಟ್ಟಿಗೆಯನ್ನು ವಿಮಾನದವರಿಗೆ ಒಪ್ಪಿಸುವ ಮುನ್ನ ಸುಂಕದ ಕೆಲಸ ಮುಗಿಸುವುದು ಜಾಣತನ. ಸಾಮಾನನ್ನು ಬೇರೆಯಾಗಿ ಅಂಚೆಯಲ್ಲಿ ಊರಿಗೆ ಕಳುಹಿಸಿ ಮಾಫಿ ಪಡೆಯುವ ದಾರಿ 2025ರ ಏಪ್ರಿಲ್‌ನಿಂದ ಮುಚ್ಚಿದೆ; ಜೊತೆಯಲ್ಲೇ ಒಯ್ಯಬೇಕು.

ಯಾರಿಗೆ ಉಂಟು, ಯಾರಿಗೆ ಇಲ್ಲ

ನಮ್ಮ ಮನೆಗಳಲ್ಲಿ ಗೊಂದಲವಾಗುವುದು ಇಲ್ಲಿ. ಒಸಾಕದಲ್ಲಿ ಕೆಲಸ ಮಾಡುತ್ತಿರುವ ಮಗನಿಗೆ ಈ ಮಾಫಿ ಇಲ್ಲ. ಅವನು ಅಲ್ಲಿಯ ನಿವಾಸಿ, ಅಲ್ಲೇ ಬಳಸುವವನು. 2023ರ ಏಪ್ರಿಲ್‌ನಿಂದ ವಿದೇಶೀಯರಲ್ಲಿ ಮುಖ್ಯವಾಗಿ ಅಲ್ಪಾವಧಿಯ ಸಂದರ್ಶಕರಾಗಿ ಬಂದವರಿಗೆ ಮಾತ್ರ ಅದು ಸಲ್ಲುತ್ತದೆ. ಆದರೆ ಅವನನ್ನು ನೋಡಲು ಹೋದ ತಾಯಿಗೆ ಇದೆ. ಹಾಗೆಂದು ತಾಯಿಯ ಪಾಸ್‌ಪೋರ್ಟಿನಲ್ಲಿ ಕೊಂಡು ಮಗನ ಮನೆಯಲ್ಲಿ ಬಿಟ್ಟು ಬಂದರೆ ಅದು ಕಾನೂನಿನ ಉಲ್ಲಂಘನೆ. "ಒಂದು ಪಾತ್ರೆಯಲ್ಲವೇ, ಯಾರು ನೋಡುತ್ತಾರೆ" ಎಂಬ ಮಾತು ನಡೆಯದು. ಹೊರಡುವಾಗ ತೋರಿಸಲು ಸರಕಿಲ್ಲದೆ ತೊಂದರೆಗೆ ಸಿಲುಕುವುದು ತಾಯಿಯೇ.

ಇನ್ನೊಂದು ತಪ್ಪು ತಿಳಿವಳಿಕೆ ಉಂಟು. ಜಪಾನಿನಲ್ಲಿ ತೆರಿಗೆ ಬಿಟ್ಟರೆ ಊರಿಗೆ ಬಂದಾಗಲೂ ಬಿಟ್ಟಂತೆ ಎಂದು ಹಲವರ ಎಣಿಕೆ. ಹಾಗಿಲ್ಲ. ಅಲ್ಲಿ ಬಿಟ್ಟದ್ದು ಆ ದೇಶದ ತೆರಿಗೆ. ವಸ್ತು ಬಳಕೆಯಾಗುವುದು ಇಲ್ಲಿ, ಆದ್ದರಿಂದ ಕೇಳುವ ಹಕ್ಕು ಈಗ ನಮ್ಮ ಸರಕಾರದ್ದು. ನಮ್ಮ ಸಾಮಾನು ನಿಯಮಗಳಲ್ಲಿ ಪ್ರಯಾಣಿಕನಿಗೆ ಇಷ್ಟು ಬೆಲೆಯವರೆಗೆ ಸುಂಕವಿಲ್ಲ ಎಂಬ ಮಿತಿ ಉಂಟು. 2016ರ ನಿಯಮಗಳು ಬಂದಾಗ ಜಪಾನಿನಂತಹ ದೇಶಗಳಿಂದ ಬರುವ ನಮ್ಮವರಿಗೆ ಅದು 50,000 ರೂಪಾಯಿ ಎಂದಿತ್ತು. ಇಂತಹ ಮಿತಿಗಳು ಬದಲಾಗುವುದುಂಟು. ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು ಒಳ್ಳೆಯದು. ಚಪ್ಪಟೆ ಪರದೆಯ ಟೆಲಿವಿಷನ್ನಿಗೆ 2013ರ ಆಗಸ್ಟಿನಲ್ಲೇ ಈ ಮಾಫಿಯನ್ನು ತೆಗೆದುಹಾಕಿದರು. ಮಿತಿ ಮೀರಿದ್ದರೆ ಬಜ್ಪೆಯಲ್ಲಾಗಲಿ ಕಣ್ಣೂರಿನಲ್ಲಾಗಲಿ ಕೆಂಪು ದಾರಿಯಲ್ಲಿ ಹೋಗಿ ಬಿಲ್ಲು ತೋರಿಸಿ ಸುಂಕ ಕಟ್ಟಿದರೆ ಗೌರವ ಉಳಿಯುತ್ತದೆ. ಹಸಿರು ದಾರಿಯಲ್ಲಿ ನುಸುಳಿ ಸಿಕ್ಕಿಬಿದ್ದರೆ ದಂಡವೂ ಬೀಳಬಹುದು, ಸರಕೂ ಹೋಗಬಹುದು.

ಓದಿದವನಿಗೆ ಮಾಫಿ

ಧರೂರಿನ ನೆಲದಿಂದ ಒಸಾಕದ ಬೀದಿಯವರೆಗೆ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಮಾಫಿ ಯಾವಾಗಲೂ ಕಾಗದದ ಮೇಲೆ ಇರುತ್ತದೆ. ಕಾಗದ ಓದಿದವನಿಗೆ ಮಾತ್ರ ಸಿಗುತ್ತದೆ. ಒಸಾಕದ ಅಂಗಡಿಗಳಲ್ಲಿ ಸೂಚನೆಗಳು ಜಪಾನಿ, ಇಂಗ್ಲಿಷ್, ಚೀನೀ, ಕೊರಿಯನ್ ಭಾಷೆಗಳಲ್ಲಿ ಕಾಣಸಿಗುತ್ತವೆ. ಕನ್ನಡದಲ್ಲಿ ಇರುವುದಿಲ್ಲ, ಇರಬೇಕೆಂದು ಕೇಳುವುದೂ ನ್ಯಾಯವಲ್ಲ. ಆದರೆ ನಮ್ಮದೇ ನಾಡಿನ ಕಚೇರಿಗಳಲ್ಲಿ ರೇಷನ್ ಕಾರ್ಡಿನ ಅರ್ಜಿಯಿಂದ ವಿದ್ಯಾರ್ಥಿವೇತನದ ಅರ್ಜಿಯವರೆಗೆ ಮಲಯಾಳದಲ್ಲೇ ಬರುವುದನ್ನು ನಾವು ದಿನವೂ ಕಾಣುತ್ತೇವೆ. ಧರೂರಿನ ಕನ್ನಡ ಮನೆಯ ಮುಂದೆ ಅದು ತೆಲುಗಿನಲ್ಲಿ ಬರುತ್ತದೆ. ಸರಕಿನ ಮೇಲಿನ ಸುಂಕ ಗಡಿಯಿಂದ ಹೋಯಿತು. ಮಾತಿನ ಮೇಲಿನ ಸುಂಕವನ್ನು ಗಡಿಯ ಮಕ್ಕಳು ಇಂದಿಗೂ ಕಟ್ಟುತ್ತಿದ್ದಾರೆ. ಅವರಿಗೆ ಮನೆಯ ಭಾಷೆ ಒಂದು, ಅರ್ಜಿಯ ಭಾಷೆ ಇನ್ನೊಂದು.

ಇದಕ್ಕಾಗಿ ನಾವು ನಮ್ಮ ತರಗತಿಯಲ್ಲಿ ಶೇಕಡಾವಾರು ಲೆಕ್ಕ ಕಲಿಸುವಾಗ ಪುಸ್ತಕದ ಲೆಕ್ಕದ ಜೊತೆಗೆ ಒಂದು ನಿಜವಾದ ಬಿಲ್ಲನ್ನೂ ಕೊಡುತ್ತೇವೆ. ತೆರಿಗೆ ಎಲ್ಲಿ ಬರೆದಿದೆ, ಎಷ್ಟು, ಯಾರಿಗೆ ಸೇರುತ್ತದೆ ಎಂದು ಮಕ್ಕಳು ಕನ್ನಡದಲ್ಲಿ ವಿವರಿಸಬೇಕು. ಮನೆಗಳಲ್ಲೂ ಇದನ್ನು ಮಾಡಬಹುದು. ಕೊಂಡ ಸಾಮಾನಿಗೆ ಬಿಲ್ಲು ಕೇಳಿ ಪಡೆಯುವುದು, ಅದನ್ನು ಮಕ್ಕಳಿಂದ ಓದಿಸುವುದು, ಮಲಯಾಳದ ಅರ್ಜಿಯನ್ನು ಕನ್ನಡದಲ್ಲಿ ಅರ್ಥ ಹೇಳಿಸಿ ತುಂಬಿಸುವುದು. ಕನ್ನಡದಲ್ಲಿ ಅರ್ಜಿ ಸಿಗುವ ಹಕ್ಕಿರುವಲ್ಲಿ ಅದನ್ನು ಕೇಳಿ ಪಡೆಯುವುದು. ಕೇಳುವವರಿಲ್ಲದ ಕಿಟಕಿ ಬಲು ಬೇಗ ಮುಚ್ಚಿಹೋಗುತ್ತದೆ.

ಸುಂಕದವನ ಮುಂದೆ ಸುಖದುಃಖ ಹೇಳಿ ಫಲವಿಲ್ಲ, ನಿಜ. ಅಲ್ಲಿ ಹೇಳಬೇಕಾದದ್ದು ನಿಯಮದ ಕಲಮು ಯಾವುದು ಎಂಬುದನ್ನು, ತೋರಿಸಬೇಕಾದದ್ದು ರಶೀದಿಯನ್ನು. ಜಪಾನಿಗೆ ಹೊರಟ ತಾಯ್ತಂದೆಯರೂ, ಊರಲ್ಲೇ ಉಳಿದ ನಾವೂ ಇಷ್ಟನ್ನು ಕಲಿತರೆ ನಮಗೆ ಸಲ್ಲಬೇಕಾದದ್ದು ಕೈತಪ್ಪಿ ಹೋಗದು.